ಗಡಿಯಲ್ಲಿ ನಿಂತ ಹಳಿ: ಮೈಸೂರು ರೈಲ್ವೆ ಮತ್ತು ಕೊಡಗು

ಕರ್ನಾಟಕದ ಜಿಲ್ಲೆಗಳಲ್ಲಿ ರೈಲು ಹಳಿ ಇಲ್ಲದ್ದು ಕೊಡಗು ಒಂದೇ. ಪೂರ್ವದಲ್ಲಿ ಮೈಸೂರು, ಉತ್ತರದಲ್ಲಿ ಹಾಸನ, ವಾಯವ್ಯದಲ್ಲಿ ಸುಬ್ರಹ್ಮಣ್ಯ ರೋಡ್, ಪಶ್ಚಿಮದಲ್ಲಿ ತಲಶ್ಶೇರಿ, ಕಣ್ಣೂರು. ಸುತ್ತ ಎಲ್ಲೆಡೆ ರೈಲು ಓಡುತ್ತದೆ, ನಡುವಿನ ಕೊಡಗಿಗೆ ಮಾತ್ರ ಬಂದಿಲ್ಲ. ವಿರಾಜಪೇಟೆಯವರು ಮದ್ರಾಸಿಗೆ ಹೋಗಬೇಕೆಂದರೆ ಮೊದಲು ಘಾಟಿ ಇಳಿದು ತಲಶ್ಶೇರಿ ಸೇರಬೇಕಿತ್ತು. ಸೋಮವಾರಪೇಟೆಯವರಿಗೆ ಹಾಸನ, ಮಡಿಕೇರಿಯವರಿಗೆ ಮೈಸೂರು. ಇಂದಿಗೂ ಅದೇ ರೂಢಿ. ಮೈಸೂರು ಸೀಮೆಯ ರೈಲಿನ ಚರಿತ್ರೆ ಬರೆಯುವಾಗ ಕೊಡಗನ್ನು ಒಂದು ಸಾಲಿನಲ್ಲಿ ದಾಟಿಬಿಡುವುದು ವಾಡಿಕೆ. ಅದು ಸರಿಯಲ್ಲ. ರೈಲು ಯಾಕೆ ಬಂತು ಎಂದು ಕೇಳುವಷ್ಟೇ ಶ್ರದ್ಧೆಯಿಂದ ಯಾಕೆ ಬರಲಿಲ್ಲ ಎಂದೂ ಕೇಳಬೇಕು. ಉತ್ತರ ಹುಡುಕಿ ಹೊರಟರೆ ಕಲ್ಲು, ಮಳೆ, ಬರ, ರಾಜ್ಯದ ಗಡಿ, ಸಾಲದ ಲೆಕ್ಕ ಎಲ್ಲವೂ ಸಿಗುತ್ತವೆ.

ವಿಕ್ಟೋರಿಯಾ ರಾಣಿಯ ಕಾಲದ ಎಂಜಿನಿಯರುಗಳಿಗೆ ಬೆಟ್ಟ ಅಡ್ಡಿಯಾಗಿರಲಿಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರಿನ ಬೋರೆಯಲ್ಲಿ ರಿಬಲ್‌ಹೆಡ್ ಎಂಬಲ್ಲಿ ಅವರು 24 ಕಮಾನುಗಳ ಕಲ್ಲಿನ ಮೇಲ್ಸೇತುವೆ ಕಟ್ಟಿದರು. ಉದ್ದ 400 ಮೀಟರ್, ಎತ್ತರ 32 ಮೀಟರ್. 1870ರಲ್ಲಿ ಕೆಲಸ ಶುರುವಾಗಿ 1876ರಲ್ಲಿ ಪ್ರಯಾಣಿಕರ ಗಾಡಿ ಅದರ ಮೇಲೆ ಓಡಿತು. ಅಲ್ಲಿ ಪ್ರತಿ ಆರನೆಯ ಕಂಬವನ್ನು ಉಳಿದವುಗಳಿಗಿಂತ ದಪ್ಪವಾಗಿ ಕಟ್ಟಿದ್ದಾರೆ. ಒಂದು ಕಮಾನು ಕುಸಿದರೂ ಹಾನಿ ಆ ದಪ್ಪ ಕಂಬದ ಬಳಿಯೇ ನಿಲ್ಲಲಿ, ಇಡೀ ಸೇತುವೆ ಸಾಲಾಗಿ ಉರುಳದಿರಲಿ ಎಂಬ ಎಚ್ಚರ ಅದು. ಕಮಾನಿನ ಗುಣವೇ ಹಾಗೆ. ಮೊದಲು ಮರದ ಅಚ್ಚು ನಿಲ್ಲಿಸಿ, ಎರಡೂ ಬದಿಯಿಂದ ಒಂದೇ ಸಮಕ್ಕೆ ಕೆತ್ತಿದ ಕಲ್ಲು ಜೋಡಿಸುತ್ತ ಬಂದು, ನೆತ್ತಿಯಲ್ಲಿ ಕೊನೆಯ ಕಲ್ಲು ಬಿಗಿದು, ಗಾರೆ ಗಟ್ಟಿಯಾದ ಮೇಲೆ ಅಚ್ಚು ಕಳಚುತ್ತಾರೆ. ಅಲ್ಲಿಂದ ಮುಂದೆ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತಿಕೊಂಡೇ ನಿಂತಿರುತ್ತದೆ. ಆ ಒತ್ತಡವನ್ನು ತಾಳುವುದು ಎರಡು ತುದಿಯ ಕಟ್ಟೆ ಮತ್ತು ಕೆಳಗಿನ ನೆಲ. ನೆಲ ಜಾರಿದರೆ ಕಲ್ಲಿನ ಗಟ್ಟಿತನ ಯಾವ ಉಪಯೋಗಕ್ಕೂ ಬರುವುದಿಲ್ಲ.

ನಮ್ಮ ಸಹ್ಯಾದ್ರಿಯಲ್ಲಿ ಈ ವಿದ್ಯೆಯ ದೊಡ್ಡ ಪರೀಕ್ಷೆ ನಡೆದದ್ದು ಮುಂಬಯಿ–ಪುಣೆ ನಡುವಿನ ಭೋರ್ ಘಾಟಿನಲ್ಲಿ. 25 ಸುರಂಗಗಳನ್ನು ಕೊರೆದು 1863ರಲ್ಲಿ ಅದನ್ನು ತೆರೆದರು. ಗುತ್ತಿಗೆ ಹಿಡಿದಿದ್ದ ಸಾಲಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡಾಗ ಆತನ ಹೆಂಡತಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆಯನ್ನು ತನ್ನ ಹೆಸರಿಗೆ ಪಡೆದು ಮುಗಿಸಿಕೊಟ್ಟಳು. ಅಷ್ಟು ಶ್ರಮದ ಕೆಲಸದಲ್ಲೂ ಒಂದು ಕಲ್ಲಿನ ಮೇಲ್ಸೇತುವೆ 1867ರ ಮಳೆಗಾಲದಲ್ಲಿ ಕುಸಿದುಬಿತ್ತು. ಯಾರ್ಕ್‌ಶೈರಿನ ಮಳೆಗೂ ಸಹ್ಯಾದ್ರಿಯ ಮಳೆಗೂ ಹೋಲಿಕೆಯಿಲ್ಲ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಮುಂದಿನ ದೊಡ್ಡ ಪ್ರಯತ್ನ ಕ್ಯಾಸಲ್‌ರಾಕ್‌ನಲ್ಲಿ. 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡವು. ಮುರ್ಮಗೋವಾ ಬಂದರಿನಿಂದ ದೂಧ್‌ಸಾಗರದ ಪಕ್ಕದಲ್ಲೇ ಹತ್ತಿ ಬರುವ ಮೀಟರ್ ಗೇಜ್ ಹಳಿ 1888ರ ಹೊತ್ತಿಗೆ ನಮ್ಮ ಉತ್ತರ ಕನ್ನಡದ ಅಂಚನ್ನು ಮುಟ್ಟಿ, ಸದರ್ನ್ ಮರಾಠಾ ರೈಲ್ವೆಯ ಲೋಂಡಾ ಹಾದಿಗೆ ಕೂಡಿಕೊಂಡಿತು. ದಕ್ಷಿಣದಲ್ಲಿ ಮದ್ರಾಸ್ ರೈಲ್ವೆಯವರಿಗೆ ಇಷ್ಟು ಕಷ್ಟವೇ ಬರಲಿಲ್ಲ. ಪಾಲಕ್ಕಾಡಿನ ಬಳಿ ಸಹ್ಯಾದ್ರಿಯೇ ಬಾಗಿಲು ಬಿಟ್ಟುಕೊಟ್ಟಿದೆ. ಆ ಕಣಿವೆಯಲ್ಲಿ ಸಲೀಸಾಗಿ ನುಸುಳಿ 1860ರ ದಶಕದ ಆರಂಭದಲ್ಲೇ ಅವರು ಮದ್ರಾಸನ್ನೂ ಮಲಬಾರಿನ ಬೇಪೂರನ್ನೂ ಜೋಡಿಸಿದರು.

ಕೊಡಗಿನ ಪಾಲಿಗೆ ನಿರ್ಣಾಯಕವಾದದ್ದು ಇದೇ ಎಂದು ನನ್ನ ತೀರ್ಮಾನ. ಉತ್ತರದಲ್ಲಿ ಕ್ಯಾಸಲ್‌ರಾಕ್, ದಕ್ಷಿಣದಲ್ಲಿ ಪಾಲಕ್ಕಾಡು, ಈ ಎರಡರ ನಡುವಿನ ಉದ್ದನೆಯ ಬೆಟ್ಟಸಾಲನ್ನು ಬ್ರಿಟಿಷರ ಕಾಲದಲ್ಲಿ ಯಾವ ರೈಲೂ ದಾಟಲಿಲ್ಲ. ಒಂದು ಕಡೆ ಸುಲಭದ ಬಾಗಿಲು, ಇನ್ನೊಂದು ಕಡೆ ಬಂದರಿನ ಆಸೆ. ನಡುವಿನ ಕೊಡಗು, ಮಂಜರಾಬಾದು, ಆಗುಂಬೆ, ಕೊಲ್ಲೂರುಗಳಿಗೆ ಗಾಡಿರಸ್ತೆಯೇ ಸಾಕು ಎಂದು ಸರ್ಕಾರ ಲೆಕ್ಕ ಹಾಕಿತು.

ಆ ಗಾಡಿರಸ್ತೆಗಳನ್ನು ಸಣ್ಣ ಕೆಲಸ ಎನ್ನುವಂತಿಲ್ಲ. 1834ರ ಏಪ್ರಿಲ್‌ನಲ್ಲಿ ಅರಸ ಚಿಕ್ಕವೀರರಾಜೇಂದ್ರ ಶರಣಾದ ಮೇಲೆ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಕಂಪನಿಯ ಕರ್ನಲ್ ಫ್ರೇಸರನ ಹೆಸರು ಕುಶಾಲನಗರಕ್ಕೆ ಅಂಟಿಕೊಂಡು ಫ್ರೇಸರ್‌ಪೇಟೆ ಆಯಿತು. ಆ ವರ್ಷದಿಂದ 1861ರವರೆಗೆ ಮೈಸೂರು ಮತ್ತು ಕೊಡಗು ಎರಡಕ್ಕೂ ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್. ಅವನ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ, ಸಾವಿರಾರು ಮೋರಿಗಳು ಆದವು. ಮಂಗಳೂರಿನ ಕಡೆಗೆ ಸಂಪಾಜೆ ಘಾಟಿ, ಕಣ್ಣೂರು–ತಲಶ್ಶೇರಿ ಕಡೆಗೆ ಪೆರುಂಬಾಡಿ ಘಾಟಿ, ಇವೆರಡೂ ಅದೇ ಕಾಲದ ಕೆಲಸಗಳು. 1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು. ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚು 1859ರದು. ಇಂದು ಅಲ್ಲಿ ವಸ್ತುಸಂಗ್ರಹಾಲಯವಿದೆ. ಅಂದರೆ ಕಲ್ಲು ಕೆತ್ತುವವರು, ಗಾರೆ ಅರೆಯುವವರು, ಕಮಾನು ಕಟ್ಟುವವರು ಕೊಡಗಿನಲ್ಲಿ ಇಲ್ಲದೆ ಇರಲಿಲ್ಲ. ಓಂಕಾರೇಶ್ವರ ದೇವಸ್ಥಾನವನ್ನು 1820ರಲ್ಲಿ ಕಟ್ಟಿಸಿದ ಲಿಂಗರಾಜೇಂದ್ರನ ಕಾಲದಿಂದಲೂ ಗುಮ್ಮಟ, ಕಮಾನು ಎರಡೂ ನಮ್ಮವರ ಕೈಗೆ ಬಂದ ವಿದ್ಯೆ.

ಸಾಗಿಸುವ ಸರಕೂ ಇತ್ತು. 1854ರಲ್ಲಿ ಫೌಲರ್ ಎಂಬ ಐರೋಪ್ಯ ಮಡಿಕೇರಿಯ ಪಕ್ಕ ಮೊದಲ ದೊಡ್ಡ ಕಾಫಿ ತೋಟ ತೆರೆದ. ಹತ್ತೇ ವರ್ಷದಲ್ಲಿ ಕಾಡು ಕಡಿದು ತೋಟ ಮಾಡುವವರ ಸಾಲು ಹತ್ತಿತು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಡಿದು ಎಷ್ಟೋ ತೋಟ ಹಾಳಾದರೂ ಕಾಫಿ ನಿಲ್ಲಲಿಲ್ಲ. ಕೊಯ್ಲು ಮುಗಿದ ಮೇಲೆ ಜೋಡೆತ್ತಿನ ಗಾಡಿಗಳು ಮೂಟೆ ಹೇರಿಕೊಂಡು ಒಂದೋ ಪೆರುಂಬಾಡಿ ಇಳಿದು ತಲಶ್ಶೇರಿ ಬಂದರಿಗೆ, ಇಲ್ಲವೇ ಪಿರಿಯಾಪಟ್ಟಣದ ಮೇಲೆ ಹುಣಸೂರಿಗೆ ಹೋಗುತ್ತಿದ್ದವು. ಹುಣಸೂರು ಕಾಫಿ ಹದಮಾಡುವ ಊರಾಗಿ ಬೆಳೆದದ್ದು ಈ ಗಾಡಿಗಳ ದೆಸೆಯಿಂದಲೇ.

ಈ ಹೊತ್ತಿಗೆ ಬೆಂಗಳೂರಿಗೆ ರೈಲು ಬಂದಿತ್ತು. 1864ರಲ್ಲಿ ಮದ್ರಾಸ್ ರೈಲ್ವೆಯವರು ಜೋಲಾರಪೇಟೆಯಿಂದ ದಂಡು ಪ್ರದೇಶದವರೆಗೆ ಬ್ರಾಡ್‌ಗೇಜ್ ಹಳಿ ಹಾಕಿದರು. ಅಲ್ಲಿಂದ ಮೈಸೂರಿಗೆ ಮುಂದುವರಿಸುವ ಮಾತು ವರ್ಷಗಟ್ಟಲೆ ನಡೆಯಿತು. ಕೊನೆಗೂ ಅದನ್ನು ನೆಲಕ್ಕಿಳಿಸಿದ್ದು ಬರಗಾಲ.

ಧಾತು ಸಂವತ್ಸರ, ಈಶ್ವರ ಸಂವತ್ಸರ. 1876ರಿಂದ 1878ರವರೆಗಿನ ಆ ಎರಡು ವರ್ಷಗಳ ಹೆಸರನ್ನು ಮೈಸೂರು ಸೀಮೆಯ ಹಳೆಯ ತಲೆಮಾರುಗಳು ನಡುಗದೆ ಹೇಳುತ್ತಿರಲಿಲ್ಲ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 41,86,188ಕ್ಕೆ ಇಳಿಯಿತು. ಸತ್ತವರು, ಊರು ಬಿಟ್ಟವರು, ಹುಟ್ಟದೇ ಹೋದವರು ಎಲ್ಲರೂ ಆ ವ್ಯತ್ಯಾಸದಲ್ಲಿ ಸೇರಿದ್ದಾರೆ. ಅದೇ ಹತ್ತು ವರ್ಷದಲ್ಲಿ ಕೊಡಗಿನ ಜನಸಂಖ್ಯೆ 1,68,312ರಿಂದ 1,78,302ಕ್ಕೆ ಏರಿತು. ಒಂದೇ ಕಾವೇರಿಯ ಮೇಲುಭಾಗ ಮತ್ತು ಕೆಳಭಾಗ. ಮಳೆ ಬಿದ್ದಲ್ಲಿ ಬದುಕು, ಬೀಳದಲ್ಲಿ ಸಾವು.

ಹಸಿದವರಿಗೆ ಕೂಲಿ ಕೊಟ್ಟು ಕೂಳು ಕಾಣಿಸುವ ಪರಿಹಾರ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲಿನ ಮಣ್ಣಿನ ಕೆಲಸವೂ ಒಂದಾಯಿತು. ಈ ಹಳಿಯ ಏರಿಗಳನ್ನು ಗುದ್ದಲಿ, ಪುಟ್ಟಿಗಳಲ್ಲಿ ಕಟ್ಟಿದವರು ಮೂಳೆ ಚರ್ಮವಾಗಿದ್ದ ಗಂಡಸರು, ಹೆಂಗಸರು, ಮಕ್ಕಳು. ಪಕ್ಕದ ಮದ್ರಾಸ್ ಪ್ರಾಂತದಲ್ಲಿ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಕೂಲಿಯಾಳಿನ ದಿನದ ಧಾನ್ಯವನ್ನು ಒಂದು ಪೌಂಡಿಗೆ ಇಳಿಸಿದ. ಅದು ದುಡಿಯುವವನ ಹೊಟ್ಟೆಗೆ ಸಾಲದು ಎಂದು ಅಲ್ಲಿನ ವೈದ್ಯಾಧಿಕಾರಿ ಡಾ. ಕಾರ್ನಿಷ್ ಪಟ್ಟು ಹಿಡಿದು ವಾದಿಸಬೇಕಾಯಿತು. ಬರಗಾಲದ ಕಾಮಗಾರಿ ಎಂಬ ಮಾತಿನ ಹಿಂದೆ ಇಂಥ ಲೆಕ್ಕಗಳಿದ್ದವು. ಇಂದು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೇಲೆ ಹಾಯಾಗಿ ಓಡುವ ರೈಲಿನಲ್ಲಿ ಕೂತವರು ಆ ಏರಿಯ ಮಣ್ಣನ್ನು ಹೊತ್ತವರನ್ನು ಒಮ್ಮೆಯಾದರೂ ನೆನೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಬರ ಮುಗಿಯುವ ಹೊತ್ತಿಗೆ ಸಂಸ್ಥಾನದ ಬೊಕ್ಕಸ ಬರಿದಾಗಿ 80 ಲಕ್ಷ ರೂಪಾಯಿ ಸಾಲ ತಲೆಯ ಮೇಲಿತ್ತು. ಆದ್ದರಿಂದ ರೈಲನ್ನು ಎಷ್ಟು ಅಗ್ಗವಾಗಿ ಕಟ್ಟಬಹುದೋ ಅಷ್ಟು ಅಗ್ಗವಾಗಿ ಕಟ್ಟಬೇಕಿತ್ತು. 1870ರಲ್ಲಿ ಲಾರ್ಡ್ ಮೇಯೊ ಸರ್ಕಾರ ಒಪ್ಪಿದ್ದ ಮೀಟರ್ ಗೇಜನ್ನೇ ಇಲ್ಲಿಗೂ ಆರಿಸಿದರು. ದಾರಿಯಲ್ಲಿ ಅರ್ಕಾವತಿ, ಕಣ್ವ, ಶಿಂಷಾ, ಕೊನೆಗೆ ಕಾವೇರಿ. ಆಳವಾದ ಕಣಿವೆಗಳಿಲ್ಲ, ಅಗಲವಾದ, ತಗ್ಗು ದಡದ ಹೊಳೆಗಳು. ಇಂಥ ಕಡೆ ಎತ್ತರದ ಕಮಾನು ಸಾಲಿಗಿಂತ ಕಲ್ಲಿನ ಕಂಬದ ಮೇಲೆ ಕಬ್ಬಿಣದ ತೊಲೆ ಹಾಯಿಸುವುದು ಆ ಕಾಲದ ಮಿತವ್ಯಯದ ಪದ್ಧತಿ. ಕಂಬಕ್ಕೆ ಬೇಕಾದ ಕಲ್ಲು ಕಾಲ ಬುಡದಲ್ಲೇ ಇತ್ತು. ರಾಮನಗರದ ಬೆಟ್ಟಗಳಿಂದ ಶ್ರೀರಂಗಪಟ್ಟಣದ ಹೊಳೆಯ ಒಡಲಿನವರೆಗೆ ಈ ಸೀಮೆಯ ತಳವೆಲ್ಲ ಹಳೆಯ ಗಟ್ಟಿ ಬಂಡೆ.

ಆ ಬಂಡೆ ಸೀಳುವುದು ಒಡ್ಡರ ಕಸುಬು. ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ ಪದರ ಬಿಡಿಸುತ್ತಿದ್ದರು. ಉಳಿಯಿಂದ ಸಾಲಾಗಿ ಕುಳಿ ತೋಡಿ, ಬೆಣೆ ಬಡಿದು, ಬೇಕಾದ ಅಳತೆಗೆ ಸೀಳುತ್ತಿದ್ದರು. ಬಂಡೆ ಎಲ್ಲಿ ಬಿರಿಯುತ್ತದೆಂಬುದು ಸುತ್ತಿಗೆ ಏಟಿನ ಸದ್ದಿನಲ್ಲೇ ಅವರಿಗೆ ತಿಳಿಯುತ್ತಿತ್ತು. ಸುಣ್ಣಕ್ಕೆ ಇಟ್ಟಿಗೆ ಪುಡಿ ಅಥವಾ ಮರಳು ಬೆರೆಸಿ, ಎತ್ತು ಕಟ್ಟಿದ ಗಾರೆಗಾಣದಲ್ಲಿ ಅರೆದು, ಆ ಗಾರೆಯಲ್ಲಿ ಕಲ್ಲು ಕೂಡಿಸುವುದು. ಸಿಮೆಂಟು ಊರೂರಿಗೆ ಬರುವುದಕ್ಕೆ ಮುಂಚಿನ ಕಾಲ ಅದು. ಹೀಗೆ ಕಟ್ಟಿದ ಕಲ್ಲುಗಂಬ ನೀರಿನೊಳಗೆ ನೂರು ವರ್ಷ ನಿಂತರೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡು ಕವಲಾಗಿ ಊರನ್ನು ಬಳಸುತ್ತದೆ. ಹಾಗಾಗಿ ರೈಲು ಅಲ್ಲಿ ಹೊಳೆಯನ್ನು ಎರಡು ಸಲ ದಾಟಬೇಕು. ಅಲ್ಲಿಗೆ ಬರುವ ನೆರೆ ಎಲ್ಲಿಯದು? ಕೊಡಗಿನದು. ತಲಕಾವೇರಿ, ಭಾಗಮಂಡಲ, ಮಡಿಕೇರಿಯ ಮಳೆ, ಹಾರಂಗಿಯ ನೀರು, ಬ್ರಹ್ಮಗಿರಿಯಿಂದ ಇಳಿಯುವ ಲಕ್ಷ್ಮಣತೀರ್ಥ, ಜೊತೆಗೆ ಹಾಸನದ ಕಡೆಯ ಹೇಮಾವತಿ. ಕನ್ನಂಬಾಡಿ ಕಟ್ಟೆ ಕಟ್ಟಲು ಶುರುಮಾಡಿದ್ದು 1911ರಲ್ಲಿ. ಅದಕ್ಕೆ ಮುಂಚೆ ಕರ್ಕಾಟಕದ ಮಳೆ ಜೋರಾಗಿ ಹಿಡಿದರೆ ಆ ನೀರೆಲ್ಲ ತಡೆಯಿಲ್ಲದೆ ಶ್ರೀರಂಗಪಟ್ಟಣಕ್ಕೇ ಬರುತ್ತಿತ್ತು. ಕಂಬ ಎಷ್ಟು ಎತ್ತರ ಬೇಕು, ತೊಲೆ ನೀರಿನಿಂದ ಎಷ್ಟು ಮೇಲಿರಬೇಕು ಎಂದು ಗೊತ್ತುಮಾಡಿದ್ದು ಮೈಸೂರಿನ ಮಳೆಯಲ್ಲ, ಕೊಡಗಿನ ಮಳೆ. ರೈಲು ಕೊಡಗಿಗೆ ಬರಲಿಲ್ಲ, ಆದರೆ ಕೊಡಗನ್ನು ಲೆಕ್ಕಕ್ಕೆ ಹಿಡಿಯದೆ ಮೈಸೂರಿಗೂ ಬರುವಂತಿರಲಿಲ್ಲ.

ಈ ಎಂಜಿನಿಯರುಗಳ ಕಣ್ಣೆದುರಿಗೆ ಒಂದು ಮಾದರಿಯೂ ಇತ್ತು. ದಿವಾನ್ ಪೂರ್ಣಯ್ಯನವರು ಕಟ್ಟಿಸಿ 1804ರಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆ. ಕಲ್ಲುಗಂಬ, ಅದರ ಮೇಲೆ ಕಲ್ಲು ತೊಲೆ, ಅದರ ಮೇಲೆ ಕಲ್ಲುಹಾಸು. ಕಮಾನಿಲ್ಲದ, ದೇವಸ್ಥಾನದ ಮಂಟಪ ಕಟ್ಟುವ ರೀತಿಯ ಆ ಸೇತುವೆ ಎಷ್ಟೋ ನೆರೆಗಳನ್ನು ಕಂಡಿದೆ. ರೈಲು ಹಾದಿ ಶ್ರೀರಂಗಪಟ್ಟಣದ ಕೋಟೆಯೊಳಗೇ ನುಗ್ಗಿತು; ನಿಲ್ದಾಣವೂ ಕೋಟೆಯೊಳಗೇ ಆಯಿತು. ಅಂದಿನವರು ಚರಿತ್ರೆಯ ಕಟ್ಟಡಗಳಿಗೆ ಕೊಟ್ಟ ಬೆಲೆ ಅಷ್ಟೇ. ಇದಕ್ಕೆ ಹೋಲಿಸಿದರೆ ನಮ್ಮ ಕಾಲದ ನಡೆ ಮೇಲು. ಜೋಡಿ ಹಳಿಯ ಕೆಲಸಕ್ಕೆ ಅಡ್ಡ ಬಂದ ಟಿಪ್ಪುವಿನ ಮದ್ದಿನ ಮನೆಯನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಸರಿಸಿ ಕೂರಿಸಿದರು. ಆ ಕೆಲಸ ಮಾಡಿದವರಿಗೆ ಇಲ್ಲಿ ಒಂದು ಕೃತಜ್ಞತೆಯ ಮಾತು ಸಲ್ಲಬೇಕು.

ಬೆಂಗಳೂರಿನಿಂದ ಹಂತಹಂತವಾಗಿ ತೆರೆಯುತ್ತ ಬಂದ ಹಾದಿ 1882ರ ಫೆಬ್ರುವರಿಯಲ್ಲಿ ಮೈಸೂರು ಮುಟ್ಟಿತು. ಒಟ್ಟು 86 ಮೈಲಿ. ಅಷ್ಟರಲ್ಲಿ ರಾಜ್ಯಭಾರವೇ ಬದಲಾಗಿತ್ತು. 1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿದರು. ರಂಗಾಚಾರ್ಲು ದಿವಾನರಾದರು. ಮೈಸೂರಿನ ಇತಿಹಾಸದಲ್ಲಿ ಇದು ಹಬ್ಬದ ದಿನ. ಕೊಡಗಿನ ರೈಲಿನ ಇತಿಹಾಸದಲ್ಲಿ ಮಾತ್ರ ಇದು ದಾರಿ ಕವಲೊಡೆದ ದಿನ. ಅದುವರೆಗೆ ಒಬ್ಬ ಕಮಿಷನರನ ಕೈಕೆಳಗಿದ್ದ ಎರಡು ನಾಡುಗಳು ಬೇರೆಯಾದವು. ಮೈಸೂರು ಮಹಾರಾಜರದು. ಕೊಡಗು ಭಾರತ ಸರ್ಕಾರದ ಪುಟ್ಟ ಪ್ರಾಂತ. ಬೆಂಗಳೂರಿನಲ್ಲಿ ಕೂತ ಮೈಸೂರಿನ ರೆಸಿಡೆಂಟನೇ ಅದರ ಚೀಫ್ ಕಮಿಷನರ್. ಮೈಸೂರು ತನ್ನ ಸಾಲದ ಹಣದಲ್ಲಿ ತನ್ನ ಗಡಿಯಾಚೆ ಯಾಕೆ ಹಳಿ ಹಾಕೀತು? ಎರಡು ಲಕ್ಷ ಜನರೂ ಇಲ್ಲದ ಪ್ರಾಂತಕ್ಕೆ ಭಾರತ ಸರ್ಕಾರ ಯಾಕೆ ಕೋಟಿ ಸುರಿದೀತು? ಬೆಟ್ಟಕ್ಕಿಂತ ದೊಡ್ಡ ಅಡ್ಡಿ ಈ ಗಡಿಯೇ ಆಯಿತು. ಹುಣಸೂರು, ಪಿರಿಯಾಪಟ್ಟಣದ ಮೇಲೆ ಕುಶಾಲನಗರದವರೆಗಿನ ನೆಲ ಹೆಚ್ಚು ಕಡಿಮೆ ಮೈಸೂರಿನ ಮಟ್ಟದಲ್ಲೇ ಇದೆ. ಮೈಸೂರು ಸಮುದ್ರಮಟ್ಟದಿಂದ 760 ಮೀಟರಿನ ಆಸುಪಾಸು, ಕುಶಾಲನಗರ 830ರ ಆಸುಪಾಸು. ಅಲ್ಲಿಗೆ ಹಳಿ ಹಾಕಲು ಸುರಂಗವೂ ಬೇಕಿರಲಿಲ್ಲ, 24 ಕಮಾನಿನ ಮೇಲ್ಸೇತುವೆಯೂ ಬೇಕಿರಲಿಲ್ಲ.

1886ರಲ್ಲಿ ಮೈಸೂರು ತನ್ನ ರೈಲನ್ನು ಸದರ್ನ್ ಮರಾಠಾ ಕಂಪನಿಯ ಕೈಗೆ ಕೊಟ್ಟು ಇಂಗ್ಲೆಂಡಿನಲ್ಲಿ ಸಾಲವೆತ್ತಿತು. ಕಂಪನಿಗೆ ಬೇಕಿದ್ದದ್ದು ಪುಣೆಯ ಕಡೆಗೆ ಕೂಡುವ ಉದ್ದದ ಹಾದಿ. 1889ರಲ್ಲಿ ಹರಿಹರದ ಹಾದಿ ಕೂಡಿತು. ಮೈಸೂರಿನಿಂದ ದಕ್ಷಿಣಕ್ಕೆ 1891ರಲ್ಲಿ ನಂಜನಗೂಡಿಗೆ ಹೋಯಿತು. ಪಶ್ಚಿಮಕ್ಕೆ, ಕೊಡಗಿನ ದಿಕ್ಕಿಗೆ, ಒಂದು ಮೈಲಿಯೂ ಹೋಗಲಿಲ್ಲ.

ಕರಾವಳಿಯ ಕಡೆಯಿಂದ ಆಸೆ ಇನ್ನೊಮ್ಮೆ ಚಿಗುರಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಲಬಾರಿನ ರೈಲು ತಲಶ್ಶೇರಿ, ಕಣ್ಣೂರು ದಾಟಿ 1907ರಲ್ಲಿ ಮಂಗಳೂರು ಸೇರಿತು. ತಲಶ್ಶೇರಿಯಿಂದ ಮೈಸೂರಿಗೆ ಬೆಟ್ಟ ಹತ್ತಿಸಿ ಹಳಿ ಹಾಕಬೇಕೆಂಬ ಬೇಡಿಕೆಗೆ ಈಗ ನೂರು ವರ್ಷ ಮೀರಿದೆ. ಅದರ ಕಷ್ಟವೇನೆಂದು ಲೆಕ್ಕ ಹಾಕಿದರೆ ಯಾರಿಗೂ ತಿಳಿಯುತ್ತದೆ. ರೈಲು 50 ಅಡಿ ಸಾಗುವಾಗ ಒಂದು ಅಡಿಗಿಂತ ಹೆಚ್ಚು ಏರಿದರೆ ಸಾಮಾನ್ಯ ಎಂಜಿನ್ನಿಗೆ ಕಷ್ಟ. ಮಡಿಕೇರಿಯ ಎತ್ತರದಿಂದ ಸಂಪಾಜೆಗೆ ಸುಮಾರು 900 ಮೀಟರ್ ಇಳಿಯಬೇಕು. ಅಂದರೆ ಕಡಿಮೆಯೆಂದರೂ 45 ಕಿಲೋಮೀಟರ್ ಹಳಿ. ಅಷ್ಟು ಉದ್ದಕ್ಕೂ ಬೆಟ್ಟದ ಪಕ್ಕೆ ಕಡಿದು, ಹಳ್ಳ ಬಂದಲ್ಲಿ ಸೇತುವೆ, ಕೋಡು ಬಂದಲ್ಲಿ ಸುರಂಗ. ಮೇಲಿಂದ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುವ ಮಳೆ. ಪೆರುಂಬಾಡಿಯ ಕಡೆ ಇಳಿದರೂ ಇದೇ ಕಥೆ. ನೀಲಗಿರಿಯಲ್ಲಿ 1899ರಲ್ಲಿ ಕೂನೂರಿಗೆ ಹಲ್ಲುಹಳಿಯ ರೈಲು ಹತ್ತಿಸಿದರಲ್ಲ ಎಂದು ಕೇಳಬಹುದು. ಅದು ಗಿರಿಧಾಮಕ್ಕೆ ಹೋಗುವ ದೊರೆಗಳ ಪ್ರಯಾಣಕ್ಕೆ, ಮದ್ರಾಸ್ ಸರ್ಕಾರದ ಬೇಸಿಗೆಯ ರಾಜಧಾನಿಗೆ ಆದ ಕೆಲಸ. ಕಾಫಿ ಮೂಟೆಗೆ ಯಾರೂ ಹಲ್ಲುಹಳಿ ಹಾಕುವುದಿಲ್ಲ.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಮೈಸೂರು ತನ್ನದೇ ಹಣದಲ್ಲಿ ರೈಲು ಬೆಳೆಸಿತು. ಮೈಸೂರು–ಅರಸೀಕೆರೆ ಹಾದಿ 1918ರಲ್ಲಿ ಬೆಳಗೊಳ, ಸಾಗರಕಟ್ಟೆ, ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಹೊಳೆನರಸೀಪುರದ ಮೇಲೆ ಹಾಸನ ಮುಟ್ಟಿತು. ಕೊಡಗಿನ ಪೂರ್ವದ ಅಂಚಿಗೆ ರೈಲು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಸೋಮವಾರಪೇಟೆ, ಶನಿವಾರಸಂತೆಯ ಕಡೆಯವರಿಗೆ ಹಾಸನ ನಿಲ್ದಾಣ ದಕ್ಕಿತು. 1919ರಲ್ಲಿ ಬೆಂಗಳೂರು–ಮೈಸೂರು ಹಾದಿಯನ್ನೂ ಕಂಪನಿಯಿಂದ ಬಿಡಿಸಿಕೊಂಡು ಸಂಸ್ಥಾನವೇ ನಡೆಸತೊಡಗಿತು. 1950ರಲ್ಲಿ ಮೈಸೂರು ರೈಲು ಭಾರತೀಯ ರೈಲಿನಲ್ಲಿ ಸೇರಿತು, ಮರುವರ್ಷ ದಕ್ಷಿಣ ರೈಲ್ವೆಯಾಯಿತು, 2003ರಿಂದ ಹುಬ್ಬಳ್ಳಿಯ ನೈರುತ್ಯ ರೈಲ್ವೆಯ ಮೈಸೂರು ವಿಭಾಗ.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು; 75 ವರ್ಷ ಅಡ್ಡ ನಿಂತಿದ್ದ ಗಡಿ ಅಳಿಯಿತು. ವಿಲೀನದವರೆಗೆ ಕೊಡಗಿನ ಮುಖ್ಯಮಂತ್ರಿಯಾಗಿದ್ದ ಚೆಪ್ಪುಡಿರ ಎಂ. ಪೂಣಚ್ಚನವರು ಮುಂದೆ 1967ರಿಂದ 1969ರವರೆಗೆ ಕೇಂದ್ರದಲ್ಲಿ ರೈಲ್ವೆ ಸಚಿವರಾದರು. ರೈಲಿಲ್ಲದ ನಾಡಿನಿಂದ ಹೋದವರು ದೇಶದ ರೈಲನ್ನು ನಡೆಸಿದರು. ತಮ್ಮ ಜಿಲ್ಲೆಗೊಂದು ಹಳಿ ಎಳೆದುಕೊಳ್ಳಲಿಲ್ಲವೆಂದು ಅವರನ್ನು ದೂರುವವರನ್ನು ನಾನು ಒಪ್ಪುವುದಿಲ್ಲ. ಆ ವರ್ಷಗಳಲ್ಲಿ ರಾಜ್ಯಕ್ಕೆ ತುರ್ತಾಗಿ ಬೇಕಿದ್ದದ್ದು ಮಂಗಳೂರು ಬಂದರಿನ ಹಾದಿ; ಹಾಸನ–ಮಂಗಳೂರು ಹಾದಿಯ ಕೆಲಸ ಆಗ ನಡೆದಿತ್ತು.

ಕೊಡಗಿನ ಉತ್ತರದ ಎಲ್ಲೆಗೆ ಒರಗಿಕೊಂಡಂತೆ, ಪುಷ್ಪಗಿರಿಯ ನೆರಳಿನಲ್ಲಿ ಹಾದುಹೋಗುವ ಆ ಹಾದಿ 1979ರಲ್ಲಿ ಮುಗಿಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರ್ ಘಾಟಿ. 50ಕ್ಕೂ ಹೆಚ್ಚು ಸುರಂಗ, 100ಕ್ಕೂ ಹೆಚ್ಚು ಸೇತುವೆ. ಕ್ಯಾಸಲ್‌ರಾಕ್ ಮತ್ತು ಪಾಲಕ್ಕಾಡಿನ ನಡುವೆ ಸಹ್ಯಾದ್ರಿಯನ್ನು ದಾಟಿದ ಮೊದಲ ರೈಲು ಇದೇ. ವಿಕ್ಟೋರಿಯಾ ಕಾಲದವರು ಬಿಟ್ಟುಹೋದ ಕೆಲಸವನ್ನು ಸ್ವತಂತ್ರ ಭಾರತದ ಎಂಜಿನಿಯರುಗಳು, ಕೂಲಿಯಾಳುಗಳು ಮಾಡಿ ತೋರಿಸಿದರು. ಅದಕ್ಕೆ ತೆತ್ತ ಬೆಲೆ, ಇಂದಿಗೂ ತೆರುತ್ತಿರುವ ಬೆಲೆ ಸಣ್ಣದಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು, ಊರುಗಳು ಮಣ್ಣು ಪಾಲಾಗಿ, ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋಯಿತು. ಅದೇ ಮಳೆಗೆ ಸಕಲೇಶಪುರ ಘಾಟಿಯ ಹಳಿಯ ಮೇಲೂ ಗುಡ್ಡ ಜರಿದು ರೈಲು ವಾರಗಟ್ಟಲೆ ನಿಂತಿತು. ಬೆಟ್ಟದ ಬುಡ ಕಡಿದರೆ ಬೆಟ್ಟ ಇಳಿಯುತ್ತದೆ. ಮೇಲೆ ಕಟ್ಟಿದ್ದು ಕಲ್ಲಾದರೇನು, ಕಾಂಕ್ರೀಟಾದರೇನು.

ಈಗ ಎರಡು ಪ್ರಸ್ತಾಪಗಳು ನಮ್ಮ ಮುಂದಿವೆ. ಎರಡನ್ನೂ ಒಂದೇ ಎಂದುಕೊಂಡು ಪೂರಾ ಬೇಕು ಅಥವಾ ಪೂರಾ ಬೇಡ ಎನ್ನುವವರೇ ಹೆಚ್ಚು. ತಲಶ್ಶೇರಿ–ಮೈಸೂರು ಹಾದಿ ಕೊಡಗಿನ ದಕ್ಷಿಣದ ಕಾಡು, ನಾಗರಹೊಳೆಯ ಆನೆದಾರಿ, ತೋಟ, ಗದ್ದೆ, ದೇವರಕಾಡುಗಳ ನಡುವೆ ನುಗ್ಗಬೇಕು. ಮೈಸೂರು–ಕೋಳಿಕ್ಕೋಡು ವಿದ್ಯುತ್ ಹಾದಿಗೆ ಸಾವಿರಾರು ಮರ ಉರುಳಿದ್ದನ್ನು ಕಂಡ ಕೊಡಗಿನ ಜನ ಇದನ್ನು ವಿರೋಧಿಸಿದ್ದು ಸಹಜ, ನ್ಯಾಯವೂ ಹೌದು. ಕೊಡಗಿನ ಕಾಡು ಕಾವೇರಿಯ ತಾಯಿಬೇರು. ಅದನ್ನು ಕಡಿದು ಯಾವ ರೈಲೂ ಬೇಡ.

ಬೆಳಗೊಳದಿಂದ ಹುಣಸೂರು, ಪಿರಿಯಾಪಟ್ಟಣದ ಮೇಲೆ ಕುಶಾಲನಗರಕ್ಕೆ ಬರುವ 87 ಕಿಲೋಮೀಟರ್ ಹಾದಿಯ ಮಾತು ಬೇರೆ. ಸುಮಾರು 1,855 ಕೋಟಿ ರೂಪಾಯಿಯ ಈ ಯೋಜನೆಗೆ 2019ರಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕಿದೆ. ಇದು ಬಯಲಿನ ಹಾದಿ, ಹಳೆಯ ಕಾಫಿ ಗಾಡಿಗಳು ನಡೆದ ಹಾದಿ. 1882ರಲ್ಲಿ ಮೈಸೂರಿನಲ್ಲಿ ನಿಂತ ಹಳಿ ಅಂದೇ ಮುಂದೆ ಬರಬೇಕಾಗಿದ್ದ ದಾರಿಯೂ ಇದೇ. ತಂಬಾಕು, ಜೋಳ, ಶುಂಠಿ ಬೆಳೆಯುವ ಹುಣಸೂರು–ಪಿರಿಯಾಪಟ್ಟಣದ ರೈತರು, ಬೈಲಕುಪ್ಪೆಯ ಟಿಬೆಟನ್ನರು, ಕೊಡಗಿನ ರೋಗಿಗಳು, ವಿದ್ಯಾರ್ಥಿಗಳು, ಸೈನಿಕರು ಎಲ್ಲರಿಗೂ ಇದು ಒದಗುತ್ತದೆ. ಪ್ರವಾಸಿ ವಾಹನಗಳ ಸಾಲು ಬೆಟ್ಟ ಹತ್ತುವುದನ್ನು ತಗ್ಗಿಸಲು ಕುಶಾಲನಗರದ ನಿಲ್ದಾಣಕ್ಕಿಂತ ಒಳ್ಳೆಯ ಉಪಾಯ ನನಗೆ ಕಾಣುವುದಿಲ್ಲ. ಆದ್ದರಿಂದ ಕೊಡಗಿನ ಜನಪ್ರತಿನಿಧಿಗಳಿಗೂ, ಪರಿಸರಕ್ಕಾಗಿ ಹೋರಾಡುವ ಗೆಳೆಯರಿಗೂ, ಮೈಸೂರು ವಿಭಾಗದ ಅಧಿಕಾರಿಗಳಿಗೂ ನನ್ನ ಬಿನ್ನಹ ಒಂದೇ: ಹಳಿ ಕುಶಾಲನಗರದವರೆಗೆ ಬರಲಿ, ಬೇಗ ಬರಲಿ, ಅಲ್ಲಿಯೇ ನಿಲ್ಲಲಿ. ಅಲ್ಲಿಂದ ಮುಂದೆ ಹಳಿ ಹೋಗದೆಂದು ಮಂಜೂರಾತಿಯ ಕಾಗದದಲ್ಲೇ ಬರೆದುಕೊಡಿ.